ಉಕಾಬ್ ಕೋಟೆ ಕೆಡವಿದ ವರ್ಷ

ಉಕಾಬ್ ಕೋಟೆ
ಸಫರ್ ತಿಂಗಳ ೩

ಅಲೆಪ್ಪೊ ದೊರೆಯ ಕೋಟೆಯಲ್ಲಿರುವ ನನ್ನ ತಮ್ಮ ಹುಮಾಮ್‌ಗೆ ಸಲಾಂ.

ಅಪ್ಪ ತೀರಿಕೊಂಡು ನಲವತ್ತು ದಿನ ಕಳೆಯಿತು. ನಿನ್ನ ಸಂತಾಪದ ಓಲೆ ಮೊನ್ನೆ ಬಂತು. ಅದನ್ನು ಬರೆದವನು ನೀನಲ್ಲ, ಯಾರೋ ದರ್ಬಾರಿನ ಗುಮಾಸ್ತ. ನನ್ನ ತಮ್ಮನಿಗೆ ಅಷ್ಟು ಚಂದದ ಅಕ್ಷರ ಬರುವುದಿಲ್ಲ. ಅಷ್ಟು ಸುಳ್ಳೂ ಬರುತ್ತಿರಲಿಲ್ಲ. 'ಕಿಲ್ಲೇದಾರರಲ್ಲಿ ಸಿಂಹ, ಗಡಿ ಕಾಯುವ ಖಡ್ಗ' ಅಂತೆ. ಆ ಸಿಂಹ ಕೊನೆಯ ಎರಡು ತಿಂಗಳು ಹಾಸಿಗೆಯಲ್ಲೇ ಒದ್ದೆ ಮಾಡಿಕೊಳ್ಳುತ್ತಿತ್ತು. ಬಟ್ಟೆ ಒಗೆದವಳು ನಾನು.

ಅಲ್ಲಿಂದ ಇಲ್ಲಿಗೆ ಕುದುರೆಯ ಮೇಲೆ ಎರಡು ದಿನದ ದಾರಿ. ಅಪ್ಪ ಹೋಗುವ ನಾಲ್ಕು ದಿನ ಮುಂಚೆಯೇ ನಿನಗೆ ಹೇಳಿಕಳಿಸಿದ್ದೆ. ಮಗ ಬಂದು ಮಣ್ಣು ಹಾಕಲಿ ಎಂದು ಹೆಣವನ್ನು ಮರುದಿನದವರೆಗೂ ಇಟ್ಟುಕೊಂಡೆವು. ಇಮಾಮರು ಗೊಣಗಿದರು. ಕೆಳಗಿನ ಹಳ್ಳಿಯ ಉಮ್ಮು ಜುಂದುಬ್ ನೆನಪಿದ್ದಾಳಲ್ಲ, ನಮ್ಮಿಬ್ಬರನ್ನೂ ಹೆರಿಗೆ ಮಾಡಿಸಿದ ಸೂಲಗಿತ್ತಿ, ಅವಳು ಎಲ್ಲರೆದುರು ಕೇಳಿಯೇಬಿಟ್ಟಳು: "ಏನ್ ಮಗಳೇ, ನಿನ್ ತಮ್ಮ ಬದುಕಿದಾನೋ, ಇಲ್ಲ ಅವನಿಗೂ ಸೇರಿಸಿ ಒಂದೇ ನಮಾಜು ಮಾಡಿ ಮುಗಿಸ್ಬಿಡೋಣವೋ?"

ಇರಲಿ. ಬೀಗದ ಕೈ ನನ್ನ ಸೊಂಟದಲ್ಲಿದೆ. ಕಣಜದಲ್ಲಿ ಗೋಧಿ ಇದೆ, ತೊಟ್ಟಿಯಲ್ಲಿ ನೀರಿದೆ. ಅಪ್ಪ ತಿರುಗಿ ಬೀಳದಿರಲೆಂದು ನಿನ್ನನ್ನು ಒತ್ತೆಯಾಗಿ ಇಟ್ಟುಕೊಂಡಾಗ ದೊರೆ ಮಾತು ಕೊಟ್ಟಿದ್ದರು, ಅಪ್ಪನ ನಂತರ ನೀನೇ ಕಿಲ್ಲೇದಾರ ಎಂದು. ಹನ್ನೊಂದು ವರ್ಷದವನಾಗಿ ಹೋದೆ, ಈಗ ಇಪ್ಪತ್ಮೂರು ತುಂಬಿತು. ಸನ್ನದು ಬರೆಸಿಕೊಂಡು ಹೊರಡು. ಅಪ್ಪ ಸತ್ತದ್ದು ಕೇಳಿದ ಮೇಲೆ ಶಿಲುಬೆ ಹೊತ್ತ ಪರಂಗಿಗಳು ದಿನಾ ನದಿ ದಡಕ್ಕೆ ಬರುತ್ತಿದ್ದಾರೆ. ಕುದುರೆಗೆ ನೀರು ಕುಡಿಸುವುದು ನೆಪ. ಕಣ್ಣೆಲ್ಲ ನಮ್ಮ ಗೋಡೆಯ ಮೇಲೆ. ಬಾಗಿಲಲ್ಲಿ ಈ ಮನೆಯ ಮಗ ನಿಂತದ್ದು ಅವರಿಗೆ ಕಾಣಬೇಕು.

ನಿನ್ನ ಅಕ್ಕ,
ಶುಹ್ದಾ


ಅಲೆಪ್ಪೊ
ಸಫರ್ ೧೪

ಅಕ್ಕ,

ಈ ಓಲೆ ನಾನೇ ಬರೆಯುತ್ತಿದ್ದೇನೆ. ಅಕ್ಷರ ನೋಡಿದರೆ ಗೊತ್ತಾಗುತ್ತದೆ.

ಸನ್ನದು ಬರುವುದಿಲ್ಲ. ಉಕಾಬ್‌ಗೆ ಇನ್ನು ಕಿಲ್ಲೇದಾರನೇ ಇರುವುದಿಲ್ಲ. ಕರಾವಳಿಯ ಪರಂಗಿಗಳ ಜೊತೆ ದೊರೆ ಹತ್ತು ವರ್ಷದ ಕದನವಿರಾಮದ ಒಪ್ಪಂದಕ್ಕೆ ರುಜು ಹಾಕಿದ್ದಾರೆ. ಅವರು ನದಿಯಾಚೆಯ ಎರಡು ಗೋಪುರ ಬಿಟ್ಟುಕೊಡುತ್ತಾರೆ. ನಾವು ಉಕಾಬ್ ಕೋಟೆಯನ್ನು ಬುಡಸಮೇತ ಕೆಡವಬೇಕು. ಬುರುಜು, ಗೋಡೆ, ಬಾಗಿಲು ಒಂದೂ ಉಳಿಯಬಾರದು. ದೊರೆಗೆ ಮೂಡಣ ದಿಕ್ಕಿನಲ್ಲಿ ಬೇರೆ ಯುದ್ಧವಿದೆ. ಇಲ್ಲಿ ಬೆನ್ನು ಕಾಯಲು ಅವರಿಗೆ ಸೈನ್ಯ ಸಾಲದು. ನಾಳೆ ಪರಂಗಿಗಳೇ ಅದನ್ನು ಹಿಡಿದು ಕೂತರೆ ಎಬ್ಬಿಸುವುದು ಯಾರಿಂದಲೂ ಆಗದು ಎಂದು ಮಂತ್ರಿಗಳು ಹೇಳಿದರು. ಆ ಮಾತು ಸುಳ್ಳಲ್ಲ.

ಕೆಡವುವ ಕೆಲಸ ನನಗೆ ವಹಿಸಿದ್ದಾರೆ. ಇಷ್ಟು ವರ್ಷ ಇಲ್ಲಿಯ ಕೋಟೆ ಮೇಸ್ತ್ರಿಗಳ ಕೈಕೆಳಗೆ ಕಲಿತವನು ನಾನು. ಯಾವ ಕಲ್ಲು ತೆಗೆದರೆ ಯಾವುದು ಬೀಳುತ್ತದೆಂದು ಬಲ್ಲೆ. ಗೋಧಿ ಕೊಯ್ಲಿನ ಹೊತ್ತಿಗೆ ಬರುತ್ತೇನೆ. ಅಷ್ಟರಲ್ಲಿ ನೀನು ಕೋಟೆ ಖಾಲಿ ಮಾಡಿಸು. ನಿನಗೆ ಇಲ್ಲಿ ನಗರದ ಕಿನ್ನಸ್ರೀನ್ ಬಾಗಿಲ ಹತ್ತಿರ ಮನೆ ಕೊಡುತ್ತಾರೆ. ಅಂಗಳದಲ್ಲಿ ಕಾರಂಜಿ ಇದೆ, ದಾಳಿಂಬೆ ಗಿಡ ಇದೆ. ನೀರು ಸೇದುವ ಕೆಲಸವಿಲ್ಲ.

ಹಟ ಮಾಡಬೇಡ ಅಕ್ಕ. ಇದು ಮುಗಿದುಹೋದ ಮಾತು.

ಹುಮಾಮ್


ಉಕಾಬ್
ಸಫರ್ ೨೦

ಹುಮಾಮ್,

ದಾಳಿಂಬೆ ಗಿಡ! ಆ ಪದ ಬರೆಯಲು ನಿನಗೆ ನಾಚಿಕೆಯಾಗಲಿಲ್ಲವೇ?

ನಿನ್ನ ಓಲೆಯನ್ನು ನಾನು ಬಚ್ಚಿಡಲಿಲ್ಲ. ಜುಮ್ಮಾ ನಮಾಜು ಮುಗಿದ ಮೇಲೆ ಅಂಗಳದಲ್ಲಿ ಎಲ್ಲರಿಗೂ ಓದಿ ಹೇಳಿದೆ. ಉಮ್ಮು ಜುಂದುಬಳ ಮಗ ಜುಂದುಬ್ ಎದ್ದು ನಿಂತು, "ಅಮ್ಮಾ, ಒಪ್ಪಂದದಲ್ಲಿ ನಮ್ಮ ಹೆಸರು ಎಲ್ಲಾದ್ರೂ ಬಂದಿದ್ಯಾ?" ಎಂದ. ಇಲ್ಲ ಎಂದೆ. "ಪರಂಗಿ ಸವಾರರು ಬಂದಾಗ ನಾವು ಓಡಿಬಂದು ಇದರೊಳಗೆ ಸೇರ್ಕೊಳ್ತಿದ್ವಿ. ಇನ್ಮೇಲೆ ಓಡೋದು ಎಲ್ಲಿಗೆ ಅಂತ ಬರೆದಿದ್ಯಾ?" ಎಂದ. ಅದೂ ಇಲ್ಲ ಎಂದೆ. "ಹಂಗಾದ್ರೆ ಅದನ್ನ ಬರೆದೋರ ಮನೆ ಊರ ಮಧ್ಯದಲ್ಲಿರಬೇಕು" ಎಂದು ಹೇಳಿ ಕೂತ.

ನೀನು ಮರೆತಿದ್ದರೆ ನೆನಪಿಸುತ್ತೇನೆ. ಅಜ್ಜ ಇದನ್ನು ಪರಂಗಿಗಳ ಕೈಯಿಂದ ಕಿತ್ತುಕೊಂಡಾಗ ಇಲ್ಲಿದ್ದದ್ದು ಒಂದು ಚೌಕ ಗೋಪುರ, ಒಂದು ಹಂದಿ ದೊಡ್ಡಿ. ಬಂಡೆ ಕಡಿದು ಕಂದಕ ಮಾಡಿದವನು ಅಜ್ಜ. ಬಾಗಿಲಿನ ದಾರಿಯನ್ನು ಮೂರು ಕಡೆ ತಿರುಗಿಸಿ, ಮೇಲಿನಿಂದ ಕುದಿಯುವ ಎಣ್ಣೆ ಸುರಿಯಲು ಕಿಂಡಿ ಬಿಟ್ಟವನು ಅಜ್ಜ. ಭೂಕಂಪವಾದಾಗ ನಿನಗೆ ಐದು ವರ್ಷ. ಮೂಡಣ ಬುರುಜು ಬಿದ್ದು ಅಮ್ಮ ಅದರಡಿ ಹೋದಳು. ಅಪ್ಪ ಅವಳನ್ನು ಮಣ್ಣುಮಾಡಿ ಬಂದ ಮರುದಿನವೇ ಕಲ್ಲು ಎತ್ತಲು ಶುರುಮಾಡಿದ. ಗೋಡೆ ಬಿರುಕು ಬಿಟ್ಟದ್ದು ಆಚೆಯವರಿಗೆ ತಿಳಿಯುವ ಮುಂಚೆ ಮುಚ್ಚಬೇಕಿತ್ತು. ಹಳ್ಳಿಯ ಹೆಂಗಸರೆಲ್ಲ ಮಡಿಲಲ್ಲಿ ಕಲ್ಲು ಹೊತ್ತರು. ನನಗೆ ಹದಿನಾಲ್ಕು, ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಸುಣ್ಣ ಕಲಸಿದೆ.

ಈಗ ಅದೇ ಬುರುಜಿಗೆ ಹಾರೆ ಹಾಕಲು ನೀನು ಬರುತ್ತೀ. ದೊರೆಗೆ ಈ ರಾಜ್ಯದಲ್ಲಿ ಬೇರೆ ಯಾರೂ ಸಿಗಲಿಲ್ಲವೇ?

ಶುಹ್ದಾ


ಅಲೆಪ್ಪೊ
ರಬೀಉಲ್ ಅವ್ವಲ್ ೨

ಅಕ್ಕ,

ಸಿಕ್ಕಿದ್ದರು. ಇನ್ನೊಬ್ಬ ಮೇಸ್ತ್ರಿಯ ಹೆಸರೇ ನಿಕ್ಕಿಯಾಗಿತ್ತು. ನಾನು ದೊರೆಯ ಮುಂದೆ ಹೋಗಿ ನಿಂತು, ಈ ಕೆಲಸ ನನಗೆ ಕೊಡಿ ಎಂದು ಕೇಳಿ ಪಡೆದುಕೊಂಡೆ. ಅಪ್ಪನ ಮಣ್ಣಿಗೆ ಬರಲು ಅಪ್ಪಣೆಯೂ ಸಿಕ್ಕಿತ್ತು. ಕುದುರೆಗೆ ಜೀನು ಹಾಕಿ ನಿಲ್ಲಿಸಿದ್ದರು. ಬೇಡ, ಬಿಚ್ಚಿ ಎಂದೆ. ಈಗ ಗೊತ್ತಾಯಿತಲ್ಲ?

ನಿನಗೆ ನೆನಪಿರುವುದು ಭೂಕಂಪ. ನನಗೆ ನೆನಪಿರುವುದು ಈ ಅಲೆಪ್ಪೊ ಕೋಟೆಯ ಬಾಗಿಲು. ಸೇತುವೆ ದಾಟಿ ಒಳಗೆ ಬಂದರೆ ದಾರಿ ಕತ್ತಲಲ್ಲಿ ತಿರುಗುತ್ತ ಹೋಗುತ್ತದೆ. ಕೊನೆಯ ಬಾಗಿಲ ಹತ್ತಿರ ಕಲ್ಲಿನಲ್ಲಿ ಎರಡು ಸಿಂಹ ಕೆತ್ತಿದ್ದಾರೆ, ಒಂದು ನಗುತ್ತಿದೆ, ಒಂದು ಅಳುತ್ತಿದೆ. ಅಪ್ಪ ನನ್ನ ಕೈ ಬಿಟ್ಟದ್ದು ಅಲ್ಲಿ. ನಾನು ಅವನ ನಿಲುವಂಗಿ ಹಿಡಿದುಕೊಂಡು ಬಿಡಲಿಲ್ಲ. "ಬಿಡೋ, ಜನ ನೋಡ್ತಿದಾರೆ" ಎಂದ. ನಾನು ಬಿಡಲಿಲ್ಲ. ಆಗ ಒಂದೊಂದೇ ಬೆರಳು ಬಿಡಿಸಿದ ಅಕ್ಕ. ಮೆತ್ತಗೆ, ನಿಧಾನವಾಗಿ, ಕಲ್ಲಿನ ಸಂದಿಯಿಂದ ಬೇರು ಕೀಳುವ ಹಾಗೆ.

ಆಮೇಲೆ ಪ್ರತಿ ಬಕ್ರೀದಿಗೂ ದರ್ಬಾರಿಗೆ ಬರುತ್ತಿದ್ದ. ನಾನು ಬೆಳಿಗ್ಗೆಯೇ ತಲೆಗೆ ಎಣ್ಣೆ ಹಚ್ಚಿಕೊಂಡು ಕಾಯುತ್ತಿದ್ದೆ. ಬಂದವನೇ ನನ್ನನ್ನು ಮೂಲೆಗೆ ಕರೆದು ಕೇಳುತ್ತಿದ್ದದ್ದು ಒಂದೇ ಮಾತು: "ಇಲ್ಲಿ ಯಾರಾದ್ರೂ ನಮ್ಮ ಕೋಟೆ ಬಗ್ಗೆ ಏನಾದ್ರೂ ಅಂತಾರಾ?" ನಾನು ಉಂಡೆನೋ ಇಲ್ಲವೋ, ಜ್ವರ ಬಂದಿತ್ತೋ, ದೊಡ್ಡ ಹುಡುಗರು ಹೊಡೆಯುತ್ತಾರೋ, ಒಂದು ದಿನವೂ ಕೇಳಲಿಲ್ಲ.

ನನ್ನನ್ನು ಕೊಟ್ಟು ಆ ಗೋಡೆ ಉಳಿಸಿಕೊಂಡಿರಿ. ನೀನೂ ಆ ಗೋಡೆಯ ಒಳಗಿದ್ದವಳೇ. ಅದು ನೆಲಕ್ಕೆ ಬೀಳುವುದನ್ನು ನಾನು ಕಣ್ಣಾರೆ ನೋಡಬೇಕು.

ಹುಮಾಮ್


ಉಕಾಬ್
ರಬೀಉಲ್ ಅವ್ವಲ್ ೯

ಹುಮಾಮ್,

ಅವತ್ತು ನಾನು ಅಪ್ಪನಿಗೆ, ತಮ್ಮನ ಬದಲು ನನ್ನನ್ನು ಕಳಿಸು ಎಂದೆ. ದೊರೆಗೆ ಹೆಣ್ಣಿನ ಒತ್ತೆ ಬೇಡವಂತೆ. ಹೆಣ್ಣನ್ನು ಕೊಟ್ಟು ಮರೆತುಬಿಡುತ್ತಾರಂತೆ. ಆಮೇಲೆ ನನಗೆ ಬಂದ ಮೂರು ಸಂಬಂಧಗಳನ್ನೂ ಅಪ್ಪ ತಿರುಗಿಸಿ ಕಳಿಸಿದ, ಕಣಜದ ಬೀಗದ ಕೈ ಹಿಡಿಯುವವರು ಬೇಕಲ್ಲ. ಇಬ್ಬರು ಮಕ್ಕಳಲ್ಲಿ ಒತ್ತೆ ಹೋದವನು ನೀನೊಬ್ಬನೇ ಎಂದು ಇನ್ನೂ ತಿಳಿದುಕೊಂಡಿದ್ದರೆ ಹಾಗೇ ಇರಲಿ.

ಆದರೆ ನಿನ್ನ ಸಿಟ್ಟು ಇರುವುದು ಸತ್ತವನ ಮೇಲೆ, ಹಾರೆ ಬೀಳುವುದು ಬದುಕಿರುವವರ ಮೇಲೆ. ಬಾಗಿಲು ಹಾಕಿಸಿದ್ದೇನೆ. ಹಳ್ಳಿಯವರು ಗೋಧಿ ಕೊಯ್ದುಕೊಂಡು ಒಳಗೆ ಬಂದಿದ್ದಾರೆ.

ಬಾ.

ಉಕಾಬ್ ಕಿಲ್ಲೇದಾರನ ಮಗಳು,
ಶುಹ್ದಾ


ಉಕಾಬ್ ಬೆಟ್ಟದ ಬುಡ, ದಂಡಿನ ಬಿಡಾರ
ರಬೀಉಸ್ಸಾನಿ ೨೩

ಅಕ್ಕ,

ಇಂದು ಬೆಳಿಗ್ಗೆ ಗೋಡೆಯ ಮೇಲೆ ನಿಂತು ನನ್ನ ಸೈನಿಕರೆದುರು "ಮೂಗು ಒರೆಸಿ ಬೆಳೆಸಿದೋಳು ನಾನು, ನನಗೇ ಹುಕುಂ ಓದ್ತೀಯೇನೋ" ಎಂದೆ. ದಂಡೆಲ್ಲ ನಕ್ಕಿತು. ನಗಲಿ.

ನಿನ್ನ ಗೋಡೆಗೆ ಕಲ್ಲು ತೂರುವ ಯಂತ್ರವನ್ನು ನಾನು ತಂದಿಲ್ಲ. ಒಳಗೆ ಮಕ್ಕಳಿದ್ದಾರೆಂದು ತರಲಿಲ್ಲ. ಇಷ್ಟು ದಿನ ನಾನು ಸುಮ್ಮನೆ ಕೂತಿದ್ದೇನೆಂದು ನೀನು ಭಾವಿಸಿರಬಹುದು. ಮೂಡಣ ಬುರುಜಿನ ಕೆಳಗೆ ಸುರಂಗ ಮುಗಿದಿದೆ. ಬುಡದ ಕಲ್ಲು ತೆಗೆದು ಮರದ ಕಂಬ ಕೊಟ್ಟು ನಿಲ್ಲಿಸಿದ್ದೇವೆ. ಬೆಂಕಿ ಇಟ್ಟರೆ ಕಂಬ ಸುಡುತ್ತದೆ, ಬುರುಜು ಕೂರುತ್ತದೆ, ಜೊತೆಗೆ ಅದರ ಮೇಲಿದ್ದವರೂ.

ನಂಬಿಕೆಯಿಲ್ಲದಿದ್ದರೆ ಬಂದು ನೋಡು. ಕೋಟೆಯವರನ್ನು ಕರೆದು ಸುರಂಗ ತೋರಿಸಿ ಶರಣಾಗಲು ಅವಕಾಶ ಕೊಡುವುದು ಯುದ್ಧದ ಪದ್ಧತಿ. ನಿನ್ನ ಕೂದಲೂ ಕೊಂಕದೆ ಹಿಂದಕ್ಕೆ ಕಳಿಸುತ್ತೇನೆ.

ಹುಮಾಮ್


ಉಕಾಬ್
ರಬೀಉಸ್ಸಾನಿ ೨೫

ಹುಮಾಮ್,

ನಿನ್ನೆ ಸುರಂಗದಲ್ಲಿ ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನಿನ್ನ ಕೈಯಲ್ಲಿದ್ದ ದೀಪವನ್ನು ನಾನೇ ಕಂಬಕ್ಕೆ ತಾಗಿಸುತ್ತಿದ್ದೆನೇನೋ. ಅದಕ್ಕೆ ಬರೆಯುತ್ತಿದ್ದೇನೆ.

ಹನ್ನೆರಡು ವರ್ಷದ ಮೇಲೆ ನಿನ್ನ ಮುಖವನ್ನು ಹತ್ತಿರದಿಂದ ಕಂಡದ್ದು ಅಲ್ಲಿ, ನೆಲದಡಿ, ಬಗ್ಗಿಕೊಂಡು. ಗಡ್ಡ ಬಂದಿದೆ. ಎಡಹುಬ್ಬಿನ ಮೇಲೆ ಗಾಯದ ಗುರುತಿದೆ; ಹೇಗಾಯಿತೋ ನನಗೆ ಗೊತ್ತಿಲ್ಲ. ಆಗ ತಾನೇ ಕಡಿದ ಹಸಿ ಮರದ ವಾಸನೆ, ಕಂಬಗಳಿಗೆ ಬಳಿದ ಮೇಕೆ ಕೊಬ್ಬಿನ ವಾಸನೆ. ಕಂಬಗಳ ನಡುವೆ ಚಕ್ಕೆ ಪುರಲೆ ಒತ್ತಾಗಿ ತುಂಬಿಸಿದ್ದೆ. ಅಚ್ಚುಕಟ್ಟಾದ ಕೆಲಸ. ನೀನು ಪ್ರತಿ ಕಂಬವನ್ನೂ ತಟ್ಟಿ ತೋರಿಸಿದೆ. ನಿನ್ನ ದನಿಯಲ್ಲಿ ಹೆಮ್ಮೆ ಇತ್ತು. ನಾನು ಮುಖ ತಿರುಗಿಸಿದ್ದು ಅದಕ್ಕೆ.

ಜೊತೆಗೆ ಬಂದ ಉಮ್ಮು ಜುಂದುಬ್ ಹೇಳಿದ್ದನ್ನು ಸೈನಿಕರೆಲ್ಲ ಕೇಳಿದರು: "ಲೋ ಹುಮಾಮ್, ನಿನ್ ಹೊಕ್ಕುಳಬಳ್ಳಿ ಕತ್ತರಿಸಿದ ಕೈ ಇದು. ಇನ್ನೊಂಚೂರು ಮೇಲೆ ಕತ್ತರಿಸಬೇಕಿತ್ತು ಅನ್ಸುತ್ತೆ ನೋಡು ಈಗ." ನೀನು ನಗಲು ಹೋದೆ, ಆಗಲಿಲ್ಲ. ಅವಳು ಮೇಲಕ್ಕೆ ಹತ್ತುವಾಗ ನೀನು ಕೈ ಕೊಟ್ಟೆ. ಅವಳು ಅದನ್ನು ಹಿಡಿಯದೆ ಗೋಡೆ ಹಿಡಿದು ಹತ್ತಿದಳು.

ಬುರುಜಿನ ಮೇಲೆ ಕಾವಲಿರುವವರು ಈ ಹಳ್ಳಿಯ ಗಂಡಂದಿರು, ಮಕ್ಕಳು. ಅವರನ್ನು ನಿನ್ನ ಬೆಂಕಿಗೆ ಹಾಕಲಾರೆ. ನಾಳೆ ಬಾಗಿಲು ತೆಗೆಯುತ್ತೇನೆ. ನನ್ನ ಷರತ್ತು: ಕಣಜದ ಗೋಧಿ ಹಳ್ಳಿಗೆ. ಬಾಗಿಲಿನ ಮರ, ತೊಲೆ, ಕಬ್ಬಿಣ ಹಳ್ಳಿಗೆ. ಒಬ್ಬರ ಮೇಲೂ ಯಾರೂ ಕೈ ಮಾಡಕೂಡದು.

ನಿನ್ನ ಕಾರಂಜಿ ಮನೆಗೆ ನಾನು ಬರುವುದಿಲ್ಲ. ಹಳ್ಳಿಯಲ್ಲಿ ಉಮ್ಮು ಜುಂದುಬಳ ಮನೆಯ ಪಕ್ಕದ ಕೋಣೆಯಲ್ಲಿ ಇರುತ್ತೇನೆ. ನೀನು ಕೆಡವುವಾಗ ನಿನ್ನ ಕಣ್ಣಿಗೆ ಬೀಳುವಷ್ಟು ಹತ್ತಿರ.

ಶುಹ್ದಾ


ಅಲೆಪ್ಪೊ
ಜಮಾದಿಲ್ ಆಖಿರ್ ೧೮

ಅಕ್ಕ,

ಕೆಲಸ ಮುಗಿದು ನಾಲ್ಕು ದಿನವಾಯಿತು. ಅಲ್ಲಿರುವಾಗ ನೀನು ನನ್ನ ಜೊತೆ ಮಾತಾಡಲಿಲ್ಲ. ನಾನೂ ಬಾಗಿಲಿಗೆ ಬರಲಿಲ್ಲ.

ಬುರುಜು ಬೀಳುವಾಗ ಖುಷಿಯಾಗುತ್ತದೆಂದು ಕಾದಿದ್ದೆ. ಅದು ಬೀಳಲಿಲ್ಲ, ಮಂಡಿಯೂರಿತು. ಒಂಟೆ ಕೂರುವ ಹಾಗೆ ಮೊದಲು ಮುಂದಕ್ಕೆ, ಆಮೇಲೆ ಪಕ್ಕಕ್ಕೆ. ಧೂಳು ಇಳಿದ ಮೇಲೆ ನೋಡಿದರೆ ಅಪ್ಪ ಕಟ್ಟಿದ ಭಾಗ ಒಡೆಯದೆ ಇಡೀ ತುಂಡಾಗಿ ಬಿದ್ದಿತ್ತು. ಹಾರೆ ಹಾಕಿದರೆ ಹಾರೆಯೇ ಬಾಗಿತು. ನನ್ನ ಕೆಲಸಗಾರನೊಬ್ಬ ಉಸ್ಸೆಂದು ಕೂತು, "ಇದನ್ನ ಕಟ್ಟಿದೋನು ಯಾವನೋ ಮಾರಾಯ, ಮನೇಲಿ ಹೆಂಡ್ತಿ ಮಕ್ಳು ಇರ್ಲಿಲ್ವಾ ಅವನಿಗೆ?" ಎಂದ. ನಾನು ಅವನ ಕೆನ್ನೆಗೆ ಬಾರಿಸಿದೆ. ಯಾಕೆ ಬಾರಿಸಿದೆನೋ ಇವತ್ತಿಗೂ ತಿಳಿದಿಲ್ಲ. ಅವನು ಹೇಳಿದ್ದು ನಾನು ವರ್ಷಗಟ್ಟಲೆ ಹೇಳಿಕೊಂಡ ಮಾತೇ.

ದೊರೆ ನನಗೆ ಉಡುಗೊರೆಯ ನಿಲುವಂಗಿ ಹೊದಿಸಿದರು. ದರ್ಬಾರಿನಲ್ಲಿ ಎಲ್ಲರೂ ಶಹಬ್ಬಾಸ್ ಎಂದರು. ಮನೆಗೆ ಬಂದು ಅದನ್ನು ಗೂಟಕ್ಕೆ ಹಾಕಿದ್ದೇನೆ. ನೋಡಿದಾಗಲೆಲ್ಲ ಯಾರೋ ನೇಣು ಹಾಕಿಕೊಂಡಂತೆ ಕಾಣುತ್ತದೆ.

ಒಂದು ಸಾಲಾದರೂ ಬರೆ. ಬೈದಾದರೂ ಬರೆ.

ಹುಮಾಮ್


ಉಕಾಬ್ ಹಳ್ಳಿ
ಶಾಬಾನ್ ೧೧

ಹುಮಾಮ್,

ಬೈಯಲು ಕಾರಣ ಸಿಕ್ಕಿದೆ.

ಮೊನ್ನೆ ಆಲಿವ್ ಉದುರಿಸುತ್ತಿದ್ದೆವು. ಊರಿಗೆ ಊರೇ ತೋಟದಲ್ಲಿತ್ತು. ಪರಂಗಿ ಸವಾರರು ನದಿ ದಾಟಿದ್ದನ್ನು ಮೊದಲು ಕಂಡವಳು ನಾನು. ಎಲ್ಲರೂ ಏನು ಮಾಡಿದರು ಗೊತ್ತೇ? ಬೆಟ್ಟದ ಕಡೆಗೇ ಓಡಿದರು. ಮೂರು ತಲೆಮಾರು ಓಡಿ ಓಡಿ ಕಾಲಿಗೆ ಆ ದಾರಿಯೇ ಗೊತ್ತು. ಮೇಲೆ ಹತ್ತಿ ಮುಟ್ಟಿದ ಮೇಲೆ, ಬಾಗಿಲಿದ್ದ ಜಾಗದಲ್ಲಿ ಬರೀ ಕಲ್ಲಿನ ಗುಡ್ಡೆ. ಅದರ ಮುಂದೆ ಕುರಿಗಳ ಹಾಗೆ ಗುಂಪುಗೂಡಿ ನಿಂತೆವು. ಸವಾರರಿಗೆ ಹುಡುಕುವ ಕಷ್ಟವೂ ಇರಲಿಲ್ಲ.

ಉಮ್ಮು ಜುಂದುಬ್ ಹೋದಳು. ಮೊಮ್ಮಗಳನ್ನು ಎಳೆದವನ ಕುದುರೆಯ ಲಗಾಮಿಗೆ ಜೋತುಬಿದ್ದಳು, ಕೊಡಲಿಯಿಂದ ಹೊಡೆದರು. ಮಗುವನ್ನು ಬಿಟ್ಟುಹೋದರು, ಬೇರೆ ಹೆಂಗಸರು, ಮಕ್ಕಳು ಸೇರಿ ಹನ್ನೊಂದು ಜನರನ್ನು ಒಯ್ದರು. ಸತ್ತ ಗಂಡಸರನ್ನು ಇಮಾಮರು ಇನ್ನೂ ತೊಳೆಯುತ್ತಿದ್ದಾರೆ. ನನಗೆ ಭುಜಕ್ಕೆ ಪೆಟ್ಟಾಗಿದೆ, ಬದುಕುತ್ತೇನೆ.

ನಿನ್ನ ಒಪ್ಪಂದ ಎಲ್ಲಿ? ಹತ್ತು ವರ್ಷ ಎಂದಿದ್ದೆಯಲ್ಲ, ಆರು ತಿಂಗಳೂ ಆಗಲಿಲ್ಲ. ಆ ನಿಲುವಂಗಿ ಹಾಕಿಕೊಂಡು ದರ್ಬಾರಿಗೆ ಹೋಗಿ ಕೇಳು. ಗಂಟಲಿದ್ದರೆ ಕೇಳು.

ಶುಹ್ದಾ


ಅಲೆಪ್ಪೊ ಕೋಟೆಯ ಒಳಗಿನ ಸೆರೆಕೋಣೆ
ರಂಜಾನ್ ೬

ಅಕ್ಕ,

ಕೇಳಿದೆ. ನಿಲುವಂಗಿ ಹಾಕಿಕೊಂಡೇ ಹೋದೆ.

ಮಂತ್ರಿ, "ಆ ಸವಾರರು ಒಪ್ಪಂದ ಮಾಡಿದ ಪ್ರಭುವಿನ ಕಡೆಯವರಲ್ಲವಂತೆ ಕಣಯ್ಯ, ಪತ್ರ ಬಂದಿದೆ" ಎಂದ. "ಯಾರ ಕಡೆಯವರು ಹಾಗಾದರೆ?" ಎಂದೆ. "ಯಾರ ಕಡೆಯವರೂ ಅಲ್ಲವಂತೆ" ಎಂದ. ಯಾರೋ ಹಿಂದೆ ಮುಸಿಮುಸಿ ನಕ್ಕರು. ಆಮೇಲೆ ನಾನು ಏನೇನು ಕೂಗಿದೆನೋ. ನಿಲುವಂಗಿ ತೆಗೆದು ದೊರೆಯ ಕಾಲ ಬಳಿ ಎಸೆದದ್ದು ನೆನಪಿದೆ. "ಉಕಾಬನ್ನು ಮತ್ತೆ ಕಟ್ಟಿಸದಿದ್ದರೆ ನಾನೇ ಹೋಗಿ ಕಟ್ಟುತ್ತೇನೆ" ಎಂದೆ.

ದೊರೆ ಸಿಟ್ಟೂ ಮಾಡಲಿಲ್ಲ. "ಇವನನ್ನ ಮೊದಲಿದ್ದ ಕಡೆಗೇ ಹಾಕಿ. ಉಕಾಬಿನಲ್ಲಿ ಕಲ್ಲಿನ ಮೇಲೆ ಕಲ್ಲು ಕೂತ ಸುದ್ದಿ ಬಂದರೆ ಇವನ ತಲೆ ತೆಗೆಯಿರಿ" ಎಂದರು. ಮುಗಿಯಿತು. ನಾನು ಮತ್ತೆ ಒತ್ತೆ.

ಈ ಓಲೆಯನ್ನು ಕಾವಲಿನವನೊಬ್ಬ ಕರುಣೆಯಿಂದ ಸಾಗಿಸುತ್ತಿದ್ದಾನೆ. ಯೋಚಿಸಿ ಬರೆಯುತ್ತಿದ್ದೇನೆ ಅಕ್ಕ: ನೀನು ಕಟ್ಟು. ಜುಂದುಬ್‌ನನ್ನು ಸೇರಿಸಿಕೊಂಡು ನಾಳೆಯೇ ಶುರುಮಾಡು. ನನ್ನ ತಲೆ ಹೋದರೆ ಹೋಗಲಿ. ನಾನು ಕೆಡವಿದ್ದಕ್ಕೆ ಲೆಕ್ಕ ಚುಕ್ತಾ ಆಗುತ್ತದೆ.

ಹುಮಾಮ್


ಅಲೆಪ್ಪೊ, ಕೋಟೆಬಾಗಿಲ ಸೇತುವೆ
ಶವ್ವಾಲ್ ೮

ಹುಮಾಮ್,

ನಿನ್ನ ಓಲೆ ಓದಿ ನನಗೆ ಬಂದಷ್ಟು ಸಿಟ್ಟು ಸುರಂಗದಲ್ಲೂ ಬಂದಿರಲಿಲ್ಲ. 'ಕಟ್ಟು, ನನ್ನ ತಲೆ ಹೋಗಲಿ' ಎಂದು ಬರೆಯುತ್ತೀಯಲ್ಲ, ನಾನು ಯಾರೆಂದುಕೊಂಡೆ? ನಿನ್ನನ್ನು ಕೊಟ್ಟು ಗೋಡೆ ಇಟ್ಟುಕೊಂಡದ್ದು ಅಪ್ಪ. ಅವನು ಮಾಡಿದ್ದು ತಪ್ಪು. ಅವನು ಬದುಕಿದ್ದಾಗ ಅದನ್ನು ನಾನು ಹೇಳಲಿಲ್ಲ, ಸತ್ತ ಮೇಲೂ ನಿನ್ನೆದುರು ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ಅದನ್ನೇ ನನ್ನ ಕೈಯಲ್ಲಿ ಇನ್ನೊಮ್ಮೆ ಮಾಡಿಸಬೇಕೆಂದಿದ್ದೀಯಾ?

ನಾನು ಒಂದು ಕಲ್ಲನ್ನೂ ಎತ್ತಿಡಲಿಲ್ಲ. ಊರನ್ನೇ ಎಬ್ಬಿಸಿಕೊಂಡು ಬಂದೆ. ಮುದುಕರು, ಬಾಣಂತಿಯರು, ಮೇಕೆ, ಕೋಳಿ, ರೊಟ್ಟಿ ಸುಡುವ ಹೆಂಚು ಎಲ್ಲ. ನೀನಿರುವ ಕೋಟೆಯ ಸೇತುವೆಯ ಮೇಲೆ ಮೇಲಿನವರೆಗೂ ಸಾಲಾಗಿ ಕೂತಿದ್ದೇವೆ. ಕುದುರೆ ಹೋಗಲು ಜಾಗವಿಲ್ಲ.

ಮೊದಲ ದಿನ ಬಾಗಿಲ ಕಾವಲಿನವನು, "ಎಲ್ಲಿಗಮ್ಮಾ ಇಷ್ಟು ಜನ?" ಎಂದ.

"ಒಳಗೆ" ಎಂದೆ.

"ಒಳಗೇನು ನಿಮ್ಮಜ್ಜಿ ಮನೆಯಾ?"

"ನಮ್ಮ ಕೋಟೆ ಕೆಡವಿದೋರು ಒಳಗಿದಾರೆ. ಪರಂಗಿಗಳು ಬಂದಾಗ ಓಡಿಹೋಗೋಕೆ ನಮಗೆ ಒಂದು ಕೋಟೆ ಬೇಕು. ಇದು ಗಟ್ಟಿಯಾಗಿದೆ. ಇದೇ ಸಾಕು."

ಅವನಿಗೆ ನಗುವುದೋ ಈಟಿ ಎತ್ತುವುದೋ ತಿಳಿಯಲಿಲ್ಲ. ಮರುದಿನ ಮಂತ್ರಿಯ ಕಡೆಯವನೊಬ್ಬ ಬಂದು, ನಗರದ ಹೊರಗೆ ಡೇರೆ ಕೊಡುತ್ತೇವೆ ಎಂದ. ಜುಂದುಬ್, "ಡೇರೆಗೆ ಕಂದಕ ಇದ್ಯಾ ಸ್ವಾಮಿ?" ಎಂದ. ಅಲೆಪ್ಪೊದವರು ಸುತ್ತ ನಿಂತು ಕೇಳುತ್ತಿದ್ದರು. ಅವತ್ತಿನಿಂದ ಸಾಬೂನು ಬೀದಿಯ ಹೆಂಗಸರು ನಮಗೆ ಬೇಳೆ ಸಾರು, ರೊಟ್ಟಿ ತಂದು ಕೊಡುತ್ತಿದ್ದಾರೆ. ಖಾಜಿಗಳೂ ಬಂದು ಎಲ್ಲರ ಹೇಳಿಕೆ ಕೇಳಿಕೊಂಡು ಹೋದರು. ಸತ್ತವರ ಹೆಸರನ್ನು ಹೆಂಗಸರು ಒಬ್ಬೊಬ್ಬರಾಗಿ ಎದ್ದು ಗಟ್ಟಿಯಾಗಿ ಹೇಳಿದರು. ಖಾಜಿಗಳು ಹೋಗುವಾ‍ಗ ಕಣ್ಣು ಒರೆಸಿಕೊಂಡರು.

ನಾಳೆ ಶುಕ್ರವಾರ. ನಮಾಜಿಗೆ ದೊರೆ ಕೆಳಗಿನ ದೊಡ್ಡ ಮಸೀದಿಗೆ ಬರಬೇಕು. ನಮ್ಮನ್ನು ತುಳಿದೇ ಬರಬೇಕು, ಇಲ್ಲ ಮಾತಾಡಿ ಬರಬೇಕು. ನಾನು ಎಲ್ಲರಿಗಿಂತ ಮುಂದೆ ಕೂರುತ್ತೇನೆ.

ನಿನ್ನ ತಲೆಯನ್ನು ನೀನೇ ಹೀಗೆ ಅಗ್ಗಕ್ಕೆ ಹಂಚಬೇಡ.

ಅಕ್ಕ


ಸರ್ಮೀನ್ ಊರಿನ ಛತ್ರ
ಜಿಲ್ಕಾದ್ ೨

ಅಕ್ಕ,

ಶುಕ್ರವಾರ ಸೇತುವೆಯ ಮೇಲೆ ನಡೆದದ್ದನ್ನು ನನಗೆ ಕಾವಲಿನವರು ಹೇಳಿದರು. ನೀನು ದೊರೆಯ ಕುದುರೆಯ ಮೂತಿಗೆ ಹಣೆ ತಾಗುವಷ್ಟು ಹತ್ತಿರ ಕೂತು ಕದಲಲಿಲ್ಲವಂತೆ. ಖಾಜಿಗಳು ಮುಂದೆ ಬಂದು, "ಪ್ರಜೆಗೆ ಆಸರೆ ಕೊಡಿ, ಇಲ್ಲ ಅವರೇ ಮಾಡಿಕೊಳ್ಳಲು ಬಿಡಿ, ಎರಡೂ ಇಲ್ಲ ಅನ್ನೋದಕ್ಕೆ ನಮ್ಮ ಧರ್ಮದಲ್ಲಿ ದಾರಿಯಿಲ್ಲ" ಎಂದರಂತೆ. ಅಷ್ಟೂ ಜನರ ಎದುರು ದೊರೆ ಹಳ್ಳಿಯ ಸುತ್ತ ಗೋಡೆ ಹಾಕಿಕೊಳ್ಳಲು ಒಪ್ಪಿದರಂತೆ: ಬುರುಜಿಲ್ಲದ ಗೋಡೆ, ಬೆಟ್ಟದ ಮೇಲಲ್ಲ, ಕೆಳಗೆ. ಒಯ್ದವರನ್ನು ಬಿಡಿಸಲು ದೂತರನ್ನೂ ಕಳಿಸಿದರಂತೆ. ಕೊನೆಗೆ ನೀನು, "ನನ್ನ ತಮ್ಮ?" ಎಂದೆಯಂತೆ. "ಕರ್ಕೊಂಡ್ ಹೋಗಮ್ಮ, ನಿಮ್ಮ ವಂಶದವರ ಸಹವಾಸವೇ ಸಾಕು" ಎಂದರಂತೆ ದೊರೆ.

ನನ್ನನ್ನು ಬಿಟ್ಟಾಗ ಸೇತುವೆ ಖಾಲಿಯಿತ್ತು. ನೀವು ಹೊರಟುಹೋಗಿದ್ದಿರಿ. ನೀನು ಕಾಯಲಿಲ್ಲ.

ನಿಮ್ಮ ಹಿಂದೆಯೇ ಹೊರಟು ಇಲ್ಲಿಯವರೆಗೆ ಬಂದೆ. ಎರಡು ವಾರದಿಂದ ಇಲ್ಲೇ ಕೂತಿದ್ದೇನೆ. ಉಮ್ಮು ಜುಂದುಬ್ ಇಲ್ಲದ ಊರಿಗೆ ಯಾವ ಮುಖ ಹೊತ್ತು ಬರಲಿ? ಇಲ್ಲಿಂದ ಡಮಾಸ್ಕಸ್ಸಿಗೆ ವ್ಯಾಪಾರಿಗಳ ಸಾರ್ಥಗಳು ಹೋಗುತ್ತವೆ, ಅಲ್ಲಿ ಕಲ್ಲು ಕೆಲಸವಿದೆಯಂತೆ. ಬೇಡ ಎಂದರೆ ಹೊರಟುಬಿಡುತ್ತೇನೆ. ಒಂದು ಮಾತು ಹೇಳು.

ಹುಮಾಮ್


ಉಕಾಬ್ ಹಳ್ಳಿ
ಜಿಲ್ಕಾದ್ ೫

ಹುಮಾಮ್,

ನಾನು ಕಾಯಲಿಲ್ಲ, ಯಾಕೆಂದರೆ ಅವತ್ತು ನಿನ್ನನ್ನು ಕಂಡಿದ್ದರೆ ಎಲ್ಲರೆದುರು ಹೊಡೆಯುತ್ತಿದ್ದೆ, ಇಲ್ಲವೇ ಎಲ್ಲರೆದುರು ಅಳುತ್ತಿದ್ದೆ. ಎರಡೂ ನನಗೆ ಬೇಕಿರಲಿಲ್ಲ.

ನಿನ್ನ ಓಲೆಯನ್ನು ಜುಂದುಬ್‌ಗೆ ಓದಿದೆ. ಅವನು, "ನಾನು ಅವನ ಮುಖ ನೋಡಲ್ಲ, ಅವನ ಜೊತೆ ಉಣ್ಣಲ್ಲ. ಗೋಡೆಯ ಆ ತುದಿ ಅವನು ಕಟ್ಟಲಿ, ಈ ತುದಿ ನಾನು ಕಟ್ತೀನಿ" ಎಂದ. ಅವನಿಂದ ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿಲ್ಲ. ನಿನಗಂತೂ ಇಲ್ಲವೇ ಇಲ್ಲ.

ಒಯ್ದವರಲ್ಲಿ ಏಳು ಜನ ವಾಪಸು ಬಂದಿದ್ದಾರೆ. ಉಳಿದ ನಾಲ್ವರನ್ನು ಎಲ್ಲಿಗೋ ಮಾರಿದ್ದಾರೆ. ಅವರ ಮನೆಯವರು ದಿನಾ ಬೆಳಿಗ್ಗೆ ನದಿಯ ಕಡೆ ನೋಡುತ್ತ ಕೂರುತ್ತಾರೆ. ನೀನು ಅವರ ಮುಂದೆಯೇ ಕಲ್ಲು ಹೊತ್ತುಕೊಂಡು ಓಡಾಡಬೇಕು. ಉಗುಳಿದರೆ ಒರೆಸಿಕೊಳ್ಳಬೇಕು.

ನನ್ನ ಸಿಟ್ಟು ಇಳಿದಿಲ್ಲ. ನೀನು ಬಂದಾಗಲೂ ಇರುತ್ತದೆ, ಊಟಕ್ಕೆ ಕೂತಾಗಲೂ ಇರುತ್ತದೆ. ಆದರೆ ಓಲೆಯಲ್ಲಿ ಬೈದು ಬೈದು ನನಗೆ ಸಾಕಾಗಿಹೋಗಿದೆ. ಎದುರು ಬಂದು ನಿಂತು ಬೈಸಿಕೋ.

ಇಲ್ಲಿ ಹಿಮ ಬೀಳಲು ಶುರುವಾಗಿದೆ. ಕಂಬಳಿ ಇಲ್ಲದಿದ್ದರೆ ಸರ್ಮೀನಿನಲ್ಲೇ ಕೊಂಡುಕೋ. ನಿನಗೆ ಕೊಡಲು ನನ್ನ ಹತ್ತಿರ ಇನ್ನೊಂದಿಲ್ಲ.

ಶುಹ್ದಾ